ತೂತಿಲ್ಲದ ಗೋಡೆ

ನಮ್ಮ ಕಡೆ ಜನಕ್ಕೆ ಬರಿ ಗೋಡೆ ಕಂಡರೆ ಕೈ ಸುಮ್ಮನಿರಲ್ಲ. ಒಂದು ಮೊಳೆ ಹೊಡೆದು, ಅದಕ್ಕೊಂದು ಕ್ಯಾಲೆಂಡರ್ ನೇತುಹಾಕಿ, ಆ ಮೊಳೆಗೇ ಅಂಗಿ ತಗುಲಿಸಿ, ಅಂಗಿ ಮೇಲೆ ಛತ್ರಿ ಸಿಕ್ಕಿಸಿದ ಮೇಲೇ ಅವರಿಗೆ ಅದು ಮನೆ ಅನ್ನಿಸೋದು. ಇದರಲ್ಲಿ ಓದಿದವರು ಓದದವರು, ತುಮಕೂರಿನವರು ಗುಬ್ಬಿಯವರು ಕುಣಿಗಲ್ಲಿನವರು ಅನ್ನೋ ಭೇದ ಏನಿಲ್ಲ. ಈ ಮೂರು ಊರಲ್ಲಿ ನಾನು ಮಾಡಿದ ಗೋಡೆಗಳ ಕತೆ ಒಂದಾದ ಮೇಲೊಂದು ಹಿಂಗೇ ಆಗ್ತಾ ಬಂದದ್ದು. ಒಂದು ಮುಗೀತು, ಇನ್ನು ಇಂಥದ್ದು ಆಗಲಾರದು ಅಂತ ಬೀಡಿ ಹಚ್ಚೋ ಹೊತ್ತಿಗೆ ಇನ್ನೊಂದು ರೆಡಿ ಇರ್ತಿತ್ತು.

ನಾನು ಗುಬ್ಬಿಯಲ್ಲಿ ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಾನು ಸ್ಕೂಲು ಬಿಟ್ಟೆನೋ, ಸ್ಕೂಲು ನನ್ನನ್ನ ಬಿಡ್ತೋ, ಇನ್ನೂ ತೀರ್ಮಾನ ಆಗಿಲ್ಲ. ಲಾರಿ ಕ್ಲೀನರ್ ಆದೆ, ಹೋಟೆಲಲ್ಲಿ ಸಪ್ಲೈಯರ್ ಆದೆ, ಟೆಂಟ್ ಸಿನಿಮಾದ ಗೇಟು ಕಾದೆ. ಒಂದು ಕಡೆ ಆರು ತಿಂಗಳು ನಿಂತರೆ ಅಂಗಾಲು ತುರಿಸೋಕೆ ಶುರುವಾಗೋದು. ಹಿಂಗೇ ಅಲೀತಾ ಅಲೀತಾ ಬೆಂಗಳೂರಿನ ಹತ್ತಿರ ಆಲೂಗಡ್ಡೆ ಕೆಡದಂಗೆ ತಣ್ಣಗಿಡೋ ಗೋಡೌನು ಕಟ್ಟೋ ಮೇಸ್ತ್ರಿ ಒಬ್ಬನ ಕೈಗೆ ಬಿದ್ದೆ.

ಕೆಲಸ ಇಷ್ಟೇ. ಗೋಡೆಗೆ ಟಾರು ಬಳಿದು ಎರಡಿಂಚಿನ ಥರ್ಮಾಕೋಲ್ ಹಲಗೆ ಅಂಟಿಸೋದು. ಅದು ಶಾಖ ತಡೀತದೆ. ಆದರೆ ಗಾಳಿಯಲ್ಲಿರೋ ಹಬೆ ಅದರೊಳಕ್ಕೆ ನುಗ್ಗಿದರೆ ತಣ್ಣಗಿರೋ ಕಡೆ ಹೋಗಿ ನೀರಾಗಿ ಕೂತ್ಕೊಳ್ತದೆ. ಥರ್ಮಾಕೋಲೂ ಹಾಳು, ಗೋಡೆಯೂ ಹಾಳು. ಅದಕ್ಕೆ ಶಾಖ ಇರೋ ಕಡೆಗೆ ದಪ್ಪ ಪ್ಲಾಸ್ಟಿಕ್ ಶೀಟು ಹೊದಿಸಬೇಕು. ಶೀಟಿನ ಮೇಲೆ ಶೀಟು ಅರ್ಧ ಅಡಿ ಬರೋ ಹಾಗೆ ಹಾಸಿ, ಟೇಪು ಒತ್ತಿ, ಅಂಚಿಗೆ ಮಾತ್ರ ಮರದ ಪಟ್ಟಿ ಕೊಟ್ಟು ಬಿಗೀಬೇಕು. ನಡುವೆ ಎಲ್ಲೂ ಮೊಳೆ ತಾಕಬಾರದು.

"ಒಂದು ತೂತು ಬಿತ್ತು ಅಂದ್ರೆ ನೂರು ಬಿದ್ದಂಗೇ ಕಣ್ಲಾ," ಅನ್ನೋನು ಮೇಸ್ತ್ರಿ. "ಹಬೆ ಏನು ಬಸ್ಸಿಗೆ ಬಂದಿರೋ ಗಿರಾಕಿನಾ, ಬಾಗಿಲಲ್ಲೇ ಹತ್ತು ಅನ್ನೋಕೆ?"

ಮೇಸ್ತ್ರಿಗೆ ವಯಸ್ಸಾಗಿತ್ತು. ಕೈಕೆಳಗೆ ಎರಡು ಗ್ಯಾಂಗ್ ಇದ್ದವು, ಒಂದನ್ನ ಯಾರಿಗಾದರೂ ವಹಿಸಬೇಕು ಅಂತಿದ್ದ. ಲೈನಲ್ಲಿ ಇದ್ದೋರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಅವನ ಭಾಮೈದ, ರಸಮಟ್ಟ ಕೈಯಲ್ಲಿ ಹಿಡ್ಕೊಂಡೇ ಗೋಡೆ ಸೊಟ್ಟ ಮಾಡೋ ಗಂಡು. ನಾನು ಒಂದಿನ ಧೈರ್ಯ ಮಾಡಿ ಕೇಳೇಬಿಟ್ಟೆ.

ಮೇಸ್ತ್ರಿ ಎಲೆಅಡಿಕೆ ಉಗಿದು ಹೇಳಿದ: "ಗೋಡೌನಲ್ಲಿ ಯಾವನು ಬೇಕಾದ್ರೂ ಮಾಡ್ತಾನೆ. ಆಲೂಗಡ್ಡೆ ಮೊಳೆ ಹೊಡೆಯಲ್ಲ. ಜನ ಇರೋ ಮನೇಲಿ ಮಾಡು. ಒಂದು ಮಳೆಗಾಲ ದಾಟ್ಲಿ. ಆಮೇಲೂ ಒಂದೇ ಒಂದು ತೂತಿಲ್ಲದ ಗೋಡೆ ತೋರಿಸು, ನಾನೇ ಬಂದು ನೋಡ್ತೀನಿ. ಅವತ್ತೇ ಗ್ಯಾಂಗ್ ನಿನ್ನ ಕೈಗೆ. ಆಗ್ಲಿಲ್ವಾ, ಭಾಮೈದ ಇದಾನೆ. ಅವನ ಕೈಕೆಳಗೆ ಟಾರ್ ಡಬ್ಬ ಕಾಯಿಸ್ಕೊಂಡಿರು."

ಅವನ ಕೈಕೆಳಗೆ ಟಾರು ಕಾಯಿಸೋದಕ್ಕಿಂತ ಆ ಡಬ್ಬದೊಳಕ್ಕೇ ಇಳಿಯೋದು ವಾಸಿ ಅನ್ನಿಸ್ತು. ಟೇಪು, ಸುತ್ತಿಗೆ, ಚಾಕು ಚೀಲಕ್ಕೆ ಹಾಕ್ಕೊಂಡು ನಮ್ಮ ಸೀಮೆಗೆ ವಾಪಸ್ ಬಂದೆ. ಒಂದು ಗೋಡೆ, ಒಂದು ಮಳೆಗಾಲ. ಏನು ಮಹಾ ಅಂದ್ಕೊಂಡೆ.

ಕಾಣೋ ಕಡೆಗೆ ಹಾಕು

ಮೊದಲನೇ ಮನೆ ತುಮಕೂರಿನ ಒಬ್ಬ ಕಬ್ಬಿಣದ ಅಂಗಡಿ ಸಾಹುಕಾರರದ್ದು. ಆ ಬೀದಿಗೇ ಮೊದಲನೇ ಏ.ಸಿ. ಅವರ ಮನೆಗೆ ಬಂದಿತ್ತು. ಮಷೀನನ್ನ ಹಿತ್ತಲ ಕಡೆ ಕೂರಿಸಿದ್ದರೆ ನೆರಳಿತ್ತು. ಅವರು ಬೀದಿ ಕಡೆ ಕೂರಿಸಿದ್ದರು, ಮಟಮಟ ಬಿಸಿಲಲ್ಲಿ. ನೆರಳಲ್ಲಿಟ್ಟರೆ ಬೀದಿಯವರಿಗೆ ಕಾಣೋದು ಹೆಂಗೆ?

ನಾನು ವಿವರವಾಗಿ ಹೇಳಿದೆ. "ಸ್ವಾಮಿ, ನಿಮ್ಮ ರೂಮು ಒಳಗೆ ತಂಪು, ಹೊರಗೆ ಶಾಖ. ಅದಕ್ಕೆ ಮೊದಲು ಗೋಡೆಗೆ ಪ್ಲಾಸ್ಟಿಕ್ಕು, ಅದರ ಮೇಲೆ ಥರ್ಮಾಕೋಲು, ಅದರ ಮೇಲೆ ಪ್ಲೈವುಡ್ಡು."

"ಪ್ಲಾಸ್ಟಿಕ್ಕು ಅಷ್ಟು ಹಿಂದಕ್ಕೆ ಹೋದ್ರೆ ಯಾರಿಗಯ್ಯ ಕಾಣ್ತದೆ?"

"ಕಾಣಬೇಕಾಗಿಲ್ಲ ಸ್ವಾಮಿ."

"ಕಾಣಬೇಕಾಗಿಲ್ವಾ? ಬೆಂಗಳೂರಿಂದ ತರಿಸಿರೋ ಮಾಲು. ನಾಳೆ ಬೀಗರು ಬಂದ್ರೆ ಗೋಡೆ ಬಗೆದು ತೋರಿಸ್ಲಾ?"

ನಾನು ಬಿಡಲಿಲ್ಲ. ಹಬೆ ಹೆಂಗೆ ಬರ್ತದೆ, ಎಲ್ಲಿ ನೀರಾಗ್ತದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದೆ. ಸಾಹುಕಾರರು ಚಿತ್ರ ನೋಡಿ, ನನ್ನ ಮುಖ ನೋಡಿ ಕೇಳಿದರು:

"ನೀನು ಎಷ್ಟನೇ ಕ್ಲಾಸು?"

"ಆರು."

"ನಾನು ಎಂಟು."

ಅಲ್ಲಿಗೆ ವಿಜ್ಞಾನ ಮುಗೀತು. ಥರ್ಮಾಕೋಲು ಹಿಂದೆ ಹೋಯ್ತು, ಪ್ಲಾಸ್ಟಿಕ್ಕು ಮುಂದೆ ಬಂದು ಮಿರಮಿರ ಮಿಂಚ್ತು.

ಮಳೆಗಾಲ ಶುರುವಾದ ಮೇಲೆ ನೋಡೋಕೆ ಹೋದೆ. ಗೋಡೆ ಕಡೆಯಿಂದ ಬಂದ ಹಬೆ ಪ್ಲಾಸ್ಟಿಕ್ಕಿನ ಹಿಂದೆ ಸಿಕ್ಕಿ ಹನಿಹನಿಯಾಗಿ ಇಳೀತಾ ಇತ್ತು. ಶೀಟು ಕೆಳಗಡೆ ಹೊಟ್ಟೆ ಬಿಟ್ಕೊಂಡು ಕೂತಿತ್ತು. ರೂಮೆಲ್ಲ ನೆನೆದ ಗೋಣಿಚೀಲದ ವಾಸನೆ. ಸಾಹುಕಾರರು ನಾಲ್ಕು ಜನ ನೆಂಟರನ್ನ ನಿಲ್ಲಿಸ್ಕೊಂಡು ತೋರಿಸ್ತಾ ಇದ್ದಾರೆ: "ನೋಡಿ, ಮಷೀನು ಗೋಡೆ ಒಳಗೇ ನೀರು ತುಂಬ್ಸಿ ತಂಪು ಮಾಡ್ತದೆ. ಈಗಿನ ಟೆಕ್ನಿಕ್ಕು." ನೆಂಟರು ಗೋಡೆಗೆ ಕೈ ಮುಗಿಯೋದು ಒಂದು ಬಾಕಿ.

ನನ್ನನ್ನ ಕಂಡವರೇ ಮೂಲೆಗೆ ಕರ್ಕೊಂಡು ಹೋದರು. ಶೀಟಿನ ಕೆಳಗೆ ದಪ್ಪಗೆ ಒಂದು ತೂತು ಹೊಡೆಸಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕೋ ಪೈಪು ಸಿಕ್ಕಿಸಿ, ಅದರ ಬಾಯಿಗೆ ತಾಮ್ರದ ತಂಬಿಗೆ ಇಟ್ಟಿದ್ದರು. ತೊಟ್ ತೊಟ್ ಅಂತ ನೀರು ಬೀಳ್ತಿತ್ತು. "ಇದೊಂದು ನೀನು ಮರೆತುಬಿಟ್ಟಿದ್ದೆ. ನಾನೇ ತಲೆ ಓಡಿಸಿ ಮಾಡಿಸ್ದೆ. ಮುಂದೆ ಬೇರೆಯವರ ಮನೇಲಿ ಮಾಡೋವಾಗ ಜ್ಞಾಪಕ ಇಟ್ಕೋ," ಅಂದರು.

ಆ ನೀರನ್ನ ಮನೆಯಾಕೆ ದಿನಾ ತುಳಸಿ ಗಿಡಕ್ಕೆ ಹಾಕ್ತಿದ್ದರಂತೆ. ನ್ಯಾಯವಾಗಿ ಹೇಳಬೇಕು ಅಂದರೆ ಗಿಡ ಮಾತ್ರ ಸೊಗಸಾಗಿತ್ತು.

ಬಾಣಂತಿ ಕೋಣೆ

ಗುಬ್ಬಿಯಲ್ಲಿ ಒಂದು ಕಾಯಿ ಮಂಡಿಯವರ ಮನೆ. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಾಲ ಮಾಗಿ. ಮಗಳ ಮೈಗೆ ಒಂದು ಎಳೆ ಗಾಳಿ ಸೋಕಬಾರದು ಅಂತ ಅವಳ ತಾಯಿಯ ಹಟ. ಕಿವಿಗೆ ಹತ್ತಿ, ತಲೆಗೆ ಮಫ್ಲರು, ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ, ಹೊತ್ತು ಹೊತ್ತಿಗೆ ಸಾಂಬ್ರಾಣಿ ಹೊಗೆ. ಅಷ್ಟು ಸಾಲದು ಅಂತ ಗೋಡೆಗೂ ಸ್ವೆಟರ್ ಹಾಕಿಸೋಕೆ ನನ್ನ ಕರೆಸಿದ್ದರು.

ಇಲ್ಲಿ ಶಾಖ ಒಳಗಡೆ. ಹಾಗಾಗಿ ಪ್ಲಾಸ್ಟಿಕ್ಕು ಒಳಗಡೆಗೇ ಬರಬೇಕು, ಕಾಣಬೇಕು. ಜಗಳ ಇಲ್ಲದ ಕೆಲಸ ಅಂತ ಖುಷಿಯಾಯ್ತು. ಆದರೆ ಆಯಮ್ಮ ಕಿಟಕಿಯನ್ನೂ ಮುಚ್ಚು ಅಂದರು, ಮುಚ್ಚಿದೆ. ಮೇಲಿನ ಗವಾಕ್ಷಿಯನ್ನೂ ಮುಚ್ಚು ಅಂದರು.

"ಬೇಡ ತಾಯಿ, ಒಳಗೆ ಕೆಂಡ ಇಟ್ಟಿದೀರಿ. ಉಸಿರುಕಟ್ಟಿ ಜೀವಕ್ಕೆ ಅಪಾಯ ಆಗ್ತದೆ."

"ನಮ್ಮಮ್ಮ ಒಂಬತ್ತು ಹೆತ್ತಿದಾಳೆ, ಯಾವ ಉಸಿರೂ ಕಟ್ಟಿಲ್ಲ."

"ನಿಮ್ಮಮ್ಮನ ಕಾಲಕ್ಕೆ ಪ್ಲಾಸ್ಟಿಕ್ ಇರಲಿಲ್ಲ ತಾಯಿ." ಕೆಂಡ ಈಚೆಗಿಡಿ, ಇಲ್ಲ ಗವಾಕ್ಷಿ ಬಿಡಿ, ಎರಡೂ ಆಗಲ್ಲ ಅಂದರೆ ನಾನು ಚೀಲ ಎತ್ಕೊಂಡು ಹೊರಟೆ ಅಂತ ನಿಂತೆ. ಗವಾಕ್ಷಿ ಬಿಟ್ಟರು, ನನಗೇನೋ ದಾನ ಕೊಡ್ತಿರೋ ಹಾಗೆ.

ಮೂರು ವಾರಕ್ಕೆ ಹೇಳಿ ಕಳಿಸಿದರು. ಹೋದೆ. ಆಯಮ್ಮ ಕೋಣೆ ನಡುವೆ ಮೂಗು ಮೇಲೆತ್ತಿ ನಿಂತಿದ್ದಾರೆ.

"ನಿನ್ನ ಪ್ಲಾಸ್ಟಿಕ್ಕಲ್ಲಿ ತೂತದೆ."

"ಸಾಧ್ಯ ಇಲ್ಲ ತಾಯಿ."

"ಈರುಳ್ಳಿ ಪಲ್ಯದ ವಾಸನೆ ಬರ್ತಿದೆ. ಈ ಕೋಣೆಗೆ ಮೆಣಸಿನ ಸಾರು ಬೆಳ್ಳುಳ್ಳಿ ಅನ್ನ ಬಿಟ್ಟು ಒಂದು ತಿಂಗಳಿಂದ ಬೇರೇನೂ ಬಂದಿಲ್ಲ."

ನಾನು ಗೋಡೆ ಗೋಡೆಯೆಲ್ಲ ತಡಕಿದೆ. ಕಿಟಕಿ ಹತ್ತಿರ ಸಿಕ್ತು. ಶೀಟನ್ನ ಬ್ಲೇಡಲ್ಲಿ ಮೂರು ಕಡೆ ನೀಟಾಗಿ ಕುಯ್ದು, ಬಾಗಿಲಿನ ಹಾಗೆ ಮಾಡಿ, ಎರಡು ಹೇರ್‌ಪಿನ್ನು ಸಿಕ್ಕಿಸಿ ಮುಚ್ಚಿತ್ತು. ಅಳತೆ ಹಾಕಿದೆ. ಎಲೆಯಲ್ಲಿ ಕಟ್ಟಿದ ಒಂದು ಮಸಾಲೆ ದೋಸೆ ಸಲೀಸಾಗಿ ತೂರೋವಷ್ಟು. ಒಂದು ಅಂಗುಲ ಜಾಸ್ತಿ ಇಲ್ಲ, ಒಂದು ಅಂಗುಲ ಕಮ್ಮಿ ಇಲ್ಲ. ನಮ್ಮ ಮೇಸ್ತ್ರಿ ಭಾಮೈದನಿಗಿಂತ ಈ ಹುಡುಗಿ ಕೈ ಎಷ್ಟೋ ಪಾಲು ವಾಸಿ.

"ಇಲಿ ಕಡಿದಿರ್ಬೇಕು ಕಣಮ್ಮ," ಅಂದಳು ಬಾಣಂತಿ, ಮಗು ಮುಖ ನೋಡ್ತಾ.

"ಇಲಿ ಪಿನ್ನು ಹಾಕ್ತದೇನೇ?" ಅಂದರು ತಾಯಿ.

ಆಮೇಲೆ ಗೊತ್ತಾಯ್ತು. ಅವಳ ಗಂಡ ತುಮಕೂರಿನ ಆಫೀಸಿಂದ ದಿನಾ ಸಂಜೆ ರೈಲಿಗೆ ಬಂದು, ಸ್ಟೇಷನ್ ಹತ್ತಿರ ದೋಸೆ ಕಟ್ಟಿಸ್ಕೊಂಡು, ಹಿತ್ತಲಿಂದ ಬಂದು ಕಿಟಕಿ ಸರಳಿನೊಳಗೆ ತೂರಿಸಿ, ಮುಂಬಾಗಿಲಿಗೆ ಬಂದು ಅತ್ತೆಗೆ ನಮಸ್ಕಾರ ಹೇಳ್ತಿದ್ದನಂತೆ.

ಆಯಮ್ಮ ಮಗಳನ್ನೂ ಬೈಲಿಲ್ಲ, ಅಳಿಯನನ್ನೂ ಬೈಲಿಲ್ಲ. ನನ್ನ ಕಡೆ ತಿರುಗಿದರು. "ಗಾಳಿ ತಡೀತದೆ ಅಂತ ಎಷ್ಟು ಕೊಚ್ಕೊಂಡೆ! ಅಷ್ಟು ದಪ್ಪ ಅಳಿಯನ್ನೇ ತಡೀಲಿಲ್ಲ, ಇನ್ನು ಗಾಳಿ ತಡೀತದಾ?"

ಮೇಷ್ಟ್ರ ಬೋರ್ಡು

ಇದು ಚಿಕ್ಕದು. ಗುಬ್ಬಿಯದೇ. ಒಬ್ಬರು ಮೇಷ್ಟ್ರು. ಬಚ್ಚಲುಮನೆಗೂ ಅವರು ಪುಸ್ತಕ ಇಡೋ ರೂಮಿಗೂ ಒಂದೇ ಗೋಡೆ. ಬೆಳಗಾದರೆ ಹಂಡೆ ಕುದಿಯೋದು, ಅದರ ಹಬೆಗೆ ಆ ಕಡೆ ಪುಸ್ತಕಕ್ಕೆಲ್ಲ ಬೂಷ್ಟು. ಬಚ್ಚಲ ಕಡೆ ಗೋಡೆಗೆ ಥರ್ಮಾಕೋಲು ಹಾಕಿ, ಮೇಲೆ ಶೀಟು ಬಿಗಿದೆ. ಸಾಹುಕಾರನ ಮನೆಯಲ್ಲೂ ಮಂಡಿ ಮನೆಯಲ್ಲೂ ಆದದ್ದು ಇಲ್ಲಿ ಆಗಬಾರದು ಅಂತ, ಉಳಿದ ಟಾರಲ್ಲಿ ಬ್ರಷ್ ಅದ್ದಿ ಶೀಟಿನ ಮೇಲೇ ದೊಡ್ಡದಾಗಿ ಬರೆದೆ: ಇಲ್ಲಿ ಮೊಳೆ ಹೊಡೆಯಬಾರದು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇದು ಬರೆದಿದ್ದೋ, ಕೋಳಿ ಕೆದಕಿದ್ದೋ? ಅದಕ್ಕೇ ಹೇಳೋದು, ಸ್ಕೂಲು ಬಿಡಬಾರದು ಅಂತ."

"ಅಕ್ಷರ ಹೆಂಗಾದ್ರೂ ಇರ್ಲಿ ಮೇಷ್ಟ್ರೇ, ವಿಷಯ ಮುಖ್ಯ."

"ವಿಷಯ ಒಪ್ಪಿದೆ. ಬಹಳ ಮುಖ್ಯವಾದ ವಿಷಯ. ಅದಕ್ಕೇ ಲಕ್ಷಣವಾಗಿರಬೇಕು ಅನ್ನೋದು."

ಒಂದು ತಿಂಗಳು ಬಿಟ್ಟು ಹೋದೆ. ನನ್ನ ಟಾರಿನ ಅಕ್ಷರಾನ ಸೀಮೆಎಣ್ಣೆ ಹಾಕಿ ಒರೆಸಿದ್ದರು. ಅದೇ ಜಾಗದಲ್ಲಿ ಕರಿ ಬಣ್ಣದ ಮರದ ಬೋರ್ಡು. ಪೇಂಟರ್ ಹತ್ತಿರ ಬರೆಸಿದ ಬಿಳಿ ಅಕ್ಷರ, ಮುತ್ತು ಪೋಣಿಸಿದ ಹಾಗೆ: ಈ ಗೋಡೆಗೆ ದಯವಿಟ್ಟು ಮೊಳೆ ಹೊಡೆಯಬೇಡಿ. ಕೆಳಗೆ ಒಂದು ಹೂವಿನ ಬಳ್ಳಿ ಬೇರೆ.

ಕೇಳಿದೆ: "ಮೇಷ್ಟ್ರೇ, ಈ ಬೋರ್ಡನ್ನ ಗೋಡೆಗೆ ಹೆಂಗೆ ನಿಲ್ಲಿಸಿದ್ರಿ?"

"ಭದ್ರವಾಗಿ," ಅಂದರು ಮೇಷ್ಟ್ರು. "ನಾಲ್ಕು ಮೂಲೆಗೂ ನಾಲ್ಕಿಂಚಿನ ಮೊಳೆ. ಬೇಕಾದ್ರೆ ಅಲ್ಲಾಡಿಸಿ ನೋಡು."

ಸಾಹೇಬರ ಮನೆ ಮದುವೆ

ಈ ಹೊತ್ತಿಗೆ ಭಾಮೈದನ ಸುದ್ದಿ ಬರ್ತಾ ಇತ್ತು. ಮೇಸ್ತ್ರಿ ಇಲ್ಲದಾಗ ಅವನೇ ಆಳುಗಳಿಗೆ ಕೆಲಸ ಹೇಳೋಕೆ ಶುರು ಮಾಡಿದಾನಂತೆ, ಹೊಸ ಚಪ್ಪಲಿ ತಗೊಂಡಿದಾನಂತೆ. ಟಾರು ವಾಸನೆ ನನ್ನ ಮೂಗಿಗೆ ಈಗಲೇ ಬಡಿಯೋಕೆ ಹತ್ತಿತು.

ಆಗ ಸಿಕ್ಕಿದವರು ತುಮಕೂರಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು. ಅವರ ತಾಯಿಗೆ ದಮ್ಮು. ಮಲಗೋ ಕೋಣೆ ಗೋಡೆ ಚಳಿಗಾಲದಲ್ಲಿ ಮಂಜುಗಡ್ಡೆ, ಆ ಮುದುಕಿ ದಿನಾ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಹಬೆ ತಗೊಳ್ಳೋದರಿಂದ ಗೋಡೆಯೆಲ್ಲ ಬೆವರೋದು.

"ಥರ್ಮಾಕೋಲ್ ಯಾಕೆ ಭಾಯಿ?" ಅಂದರು ಸಾಹೇಬರು. "ನಮ್ಮ ಅಂಗಡೀಲಿ ತೆಂಗಿನ ನಾರಿಗೆ ಬರವಾ?"

ಇಬ್ಬರು ಆಳುಗಳನ್ನ ಕರೆಸಿ ಗೋಡೆ ಉದ್ದಕ್ಕೂ ನಾರಿನ ಹಾಸಿಗೆ ನಿಲ್ಲಿಸಿ, ಮೊಳ ಉದ್ದದ ಸೂಜಿಯಲ್ಲಿ ಹೊಲಿಸಿ, ಹಾಸಿಗೆಗೆ ಹಾಕೋ ಹಾಗೆ ಅಲ್ಲಲ್ಲಿ ಕುಚ್ಚು ಕೂಡ ಹಾಕಿಸಿದರು. ಗೋಡೆ ನೋಡಿದರೆ ಒರಗಿ ನಿದ್ದೆ ಮಾಡಬೇಕು ಅನ್ನಿಸೋದು. ಅದರ ಮೇಲೆ ನಾನು ಶೀಟು ಬಿಗಿದೆ. ಮೊಳೆ ಹೊಡೀಬಾರದು ಅಂದ ತಕ್ಷಣ ಸಾಹೇಬರು ಇದ್ದಬದ್ದ ಮೊಳೆ ಡಬ್ಬಾನೇ ತಗೊಂಡು ಹೋಗಿ ಅಂಗಡಿಯಲ್ಲಿಟ್ಟು ಬೀಗ ಹಾಕಿದರು. ಗಡಿಯಾರ ತೆಗೆದು ಬೀರು ಮೇಲಿಟ್ಟರು. ನನ್ನ ಜನ್ಮದಲ್ಲಿ ನನ್ನನ್ನ "ಮೇಸ್ತ್ರಿ" ಅಂತ ಮೊದಲು ಕರೆದ ಮನುಷ್ಯ ಅವರೇ.

ತಿಂಗಳಿಗೊಂದು ಸಲ ಹೋಗಿ ನೋಡ್ತಿದ್ದೆ. ಶೀಟು ಗಾಜಿನ ಹಾಗೆ. ಮುದುಕಿಗೂ ಕೆಮ್ಮು ಕಮ್ಮಿಯಾಗಿತ್ತು. ಮಳೆಗಾಲ ಮುಗಿಯೋಕೆ ಇನ್ನು ಹದಿನೈದು ದಿನ. ಮೇಸ್ತ್ರಿಗೆ ಬರೆಯೋಕೆ ಒಂದು ಕಾರ್ಡು ತಗೊಂಡು ಜೇಬಲ್ಲಿ ಇಟ್ಕೊಂಡಿದ್ದೆ.

ಅದೇ ಸಮಯಕ್ಕೆ ಸಾಹೇಬರ ಮಗಳ ಮದುವೆ. ನನ್ನನ್ನೂ ಕರೆದಿದ್ದರು. ಹೋಗೋ ಹೊತ್ತಿಗೆ ಧೋ ಅಂತ ಮಳೆ. ಮನೆ ಮುಂದಿನ ಬಯಲಲ್ಲಿ ಊಟ. ಕೂತೆ. ಬಿರಿಯಾನಿ ಅಂದರೆ ಬಿರಿಯಾನಿ! ಎರಡನೇ ಸಲ ಹಾಕಿಸ್ಕೊಂಡೆ. ಅಷ್ಟು ಮಳೆಯಲ್ಲೂ ತಟ್ಟೆಗೆ ಒಂದು ಹನಿ ಬೀಳ್ತಿಲ್ಲ. ಎಂಥಾ ಚಪ್ಪರ ಹಾಕಿಸಿದಾರಪ್ಪಾ ಅಂತ ತಲೆ ಎತ್ತಿ ನೋಡಿದೆ. ಮೇಲೆ ದಪ್ಪ ಪ್ಲಾಸ್ಟಿಕ್ಕು. ಶೀಟಿನ ಮೇಲೆ ಶೀಟು ಸರಿಯಾಗಿ ಅರ್ಧ ಅಡಿ. ಮೇಲೆ ಒತ್ತಿದ ಟೇಪು. ಎಂಜಲು ಕೈಯಲ್ಲೇ ಎದ್ದು ನಿಂತೆ.

ಸಾಹೇಬರು ಓಡಿ ಬಂದರು. "ಏನ್ ಮಾಡೋದು ಮೇಸ್ತ್ರಿ, ಶಾಮಿಯಾನ ಜರಡಿ ಆಗಿತ್ತು. ಅಡಿಗೆಯವನು ಡೇಗ್ಚಿ ಮುಂದೆ ನಿಂತು ಅಳ್ತಿದ್ದ. ನಾಲ್ಕು ಜನ ಹಿಡ್ಕೊಂಡು ನಿಧಾನಕ್ಕೆ ಬಿಚ್ಚಿದ್ವಿ, ಒಂದು ಕಡೆ ಹರೀಲಿಲ್ಲ. ನೀವೇ ನೋಡಿ, ಒಂದು ತೂತಿದೆಯಾ? ನಿಮ್ಮ ಕೆಲಸ ಅಂದ್ರೆ ಕೆಲಸ!" ಅಂತ ನನ್ನ ಭುಜ ತಟ್ಟಿ, ಪಂಕ್ತಿಗೆಲ್ಲ ಕೇಳೋ ಹಾಗೆ "ಇವರೇ ಮಾಡಿದ್ದು!" ಅಂದರು.

ಕೈ ತೊಳೆಯೋ ಹೊತ್ತಿಗೆ ಮೂರು ಜನ ಬಂದು ಕೇಳಿದರು, ಶಾಮಿಯಾನ ಬಾಡಿಗೆ ದಿನಕ್ಕೆ ಎಷ್ಟು ಅಂತ.

ಹನ್ನೊಂದು ಫೋಟೋ

ಮೇಸ್ತ್ರಿ ಹೇಳಿ ಕಳಿಸಿದ: "ಇನ್ನೊಂದೇ ಮಳೆಗಾಲ ಕಾಯ್ತೀನಿ. ಆಮೇಲೆ ನನ್ನ ಕೇಳಬೇಡ."

ನಾನು ಕುಣಿಗಲ್ಲಿಗೆ ಹೋದೆ. ಊರಾಚೆ ಒಂದು ರೇಷ್ಮೆ ಸಾಕೋ ಮನೆ. ನಡುಮನೆಯಲ್ಲೇ ಹುಳ. ಹುಳ ಚಿಕ್ಕದಿರೋವಾಗ ಅದಕ್ಕೆ ಬಿಸಿಯೂ ಬೇಕು, ತೇವವೂ ಬೇಕು. ಇದ್ದಿಲ ಒಲೆ ಇಟ್ಟು, ಒದ್ದೆ ಗೋಣಿ ಕಟ್ಟಿ ಸಾಕೋರು. ಗೋಡೆ ಮಾತ್ರ ತಣ್ಣಗೆ ಕೊರೆಯೋದು, ನೀರಿಳಿಯೋದು. ಆ ಮನೆ ಯಜಮಾನಿಕೆ ಎಲ್ಲ ಒಬ್ಬ ಅಜ್ಜಿಯದು. ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಒಂದು ಪೊರಕೆ.

ಕೆಲಸ ಶುರು ಮಾಡೋ ಮುಂಚೆ ಗೋಡೆ ಮೇಲಿದ್ದ ಫೋಟೋಗಳನ್ನೆಲ್ಲ ಇಳಿಸಬೇಕಾಯ್ತು. ಹನ್ನೊಂದು. ದೇವರು, ಮಠದ ಸ್ವಾಮಿಗಳು, ತೀರಿಕೊಂಡ ಯಜಮಾನರು, ಮಕ್ಕಳ ಮದುವೆ. ಅಜ್ಜಿ ಒಂದೊಂದನ್ನೂ ಸೆರಗಲ್ಲಿ ಒರೆಸಿ ಟ್ರಂಕಿಗಿಟ್ಟಳು. "ಇನ್ನೊಂದು ಕಡೆ ನೇತುಹಾಕಾಕೆ ಜಾಗ ಇಲ್ಲ ಕಣಪ್ಪ. ಆ ಕಡೆ ಗೋಡೆಗೆ ಹುಳದ ತಟ್ಟೆ ಸ್ಟ್ಯಾಂಡದೆ. ಹಿಂಗೇ ಇವ್ರನ್ನೆಲ್ಲ 'ಒಳಗೆ' ಹಾಕ್ಬೇಕಾ?"

ನಾನು ಈ ಸಲ ಬಿಗಿಯಾಗೇ ಹೇಳಿದೆ. "ಅಜ್ಜಿ, ಮಡಿ ಇದ್ದಂಗೆ ಇದು. ಒಂದು ತೂತು ಬಿದ್ರೂ ಅಷ್ಟೆ, ನೂರು ಬಿದ್ರೂ ಅಷ್ಟೆ. ಆಮೇಲೆ ಈ ಗೋಡೆಗೂ ಬೀದಿ ಗೋಡೆಗೂ ವ್ಯತ್ಯಾಸ ಇಲ್ಲ."

ಮಡಿ ಅಂದದ್ದೇ ತಡ, ಅಜ್ಜಿಗೆ ಅರ್ಥ ಆಗೋಯ್ತು. ಇಂಜಿನಿಯರಿಗೆ ಹೇಳಿದ್ದರೂ ಅಷ್ಟು ಬೇಗ ಆಗ್ತಿರಲಿಲ್ಲ.

ಆಮೇಲೆ ಆ ಗೋಡೆ ಹತ್ತಿರ ನೊಣ ಕೂರಲಿಲ್ಲ. ಮಗ ಲಾಟೀನು ನೇತುಹಾಕೋಕೆ ಮೊಳೆ ತಂದಿದ್ದಕ್ಕೆ ಪೊರಕೆ ಸೇವೆ ಆಯ್ತು. ಆಟ ಆಡ್ತಾ ಚೆಂಡು ಬಿಸಾಕಿದ ಮೊಮ್ಮಕ್ಕಳಿಗೆ ಒಂದು ಹೊತ್ತಿನ ರೊಟ್ಟಿ ಕಟ್. ರೇಷ್ಮೆ ಇಲಾಖೆಯವರೊಬ್ಬರು ಹುಳದ ರೋಗದ ಚಾರ್ಟು ಅಂಟಿಸೋಕೆ ಬಂದರಂತೆ. "ನೀನೇ ಕೈಯಲ್ಲಿ ಹಿಡ್ಕಂಡು ಬಾಗಿಲಲ್ಲಿ ನಿಂತ್ಕೋ, ಬೇಕಾದೋರು ನೋಡ್ತಾರೆ," ಅಂದಳಂತೆ ಅಜ್ಜಿ.

ಮಳೆಗಾಲ ಬಂತು, ಹೋಯ್ತು. ಗೋಡೆ ಕನ್ನಡಿ. ಎರಡು ಬೆಳೆ ಗೂಡು ಚೆನ್ನಾಗಿ ಬಂತು. ನಾನು ಕಾರ್ಡು ಬರೆಯೋ ರಗಳೆ ಇಟ್ಕೊಳ್ಳದೆ ಬಸ್ಸು ಹತ್ತಿ ಹೋಗಿ ಮೇಸ್ತ್ರಿಯನ್ನ ಕರ್ಕೊಂಡೇ ಬಂದೆ. ಭಾಮೈದ ಹೊಸ ಚಪ್ಪಲಿಯಲ್ಲಿ ಬಸ್ ಸ್ಟ್ಯಾಂಡಿನವರೆಗೂ ಬಂದು ಬೀಳ್ಕೊಟ್ಟ. ಮುಖ ಇಷ್ಟೇ ಇಷ್ಟಾಗಿತ್ತು.

ಆವಾಗಷ್ಟೇ ಗೂಡು ಮಾರ್ಕೆಟ್ಟಿಗೆ ಹೋಗಿ ನಡುಮನೆ ಖಾಲಿ ಇತ್ತು. ಅಜ್ಜಿ ಇಬ್ಬರಿಗೂ ಕಾಲು ತೊಳೆಸಿ ಒಳಕ್ಕೆ ಬಿಟ್ಟಳು. "ನೋಡ್ತಿರಿ, ಮಜ್ಜಿಗೆ ತತ್ತೀನಿ," ಅಂತ ಅಡುಗೆಮನೆಗೆ ಹೋದಳು.

ಮೇಸ್ತ್ರಿ ಗೋಡೆಯ ಈ ತುದಿಯಿಂದ ಆ ತುದಿಗೆ ಅಂಗೈ ಸವರ್ತಾ ಹೋದ. ಬಗ್ಗಿ ನೋಡಿದ, ಸ್ಟೂಲ್ ಹತ್ತಿ ನೋಡಿದ. ಟೇಪಿನ ಮೇಲೆ ಉಗುರು ಎಳೆದು ನೋಡಿದ. ಬೆಳಕಿಗೆ ಓರೆಯಾಗಿ ನಿಂತು ನೋಡಿದ. ಹಿಂಗೇ ಅರ್ಧ ಗಂಟೆ. ನಾನು ಸ್ಟೂಲು ಹಿಡ್ಕೊಂಡು ಅವನ ಹಿಂದಿಂದೇ ಹೋದೆ.

"ಪರವಾಗಿಲ್ಲ ಕಣ್ಲಾ," ಅಂದ ಕೊನೆಗೆ. ಆ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಒಂದು ತೂತಿಲ್ಲ. ಒಳಗೆ ಥರ್ಮಾಕೋಲು ಎರಡಿಂಚಿಂದು ಹಾಕಿದೀಯೋ, ಒಂದೂವರೆಯಲ್ಲೇ ಕೈ ತೊಳ್ಕೊಂಡಿದೀಯೋ?"

"ಎರಡೇ ಮೇಸ್ತ್ರಿ, ದೇವರಾಣೆ."

"ದೇವರನ್ನ ಯಾಕೆ ಎಳೀತೀಯ," ಅಂದವನೇ ಸೊಂಟದಿಂದ ಗೋಣಿ ಹೊಲಿಯೋ ದಬ್ಬಣ ತೆಗೆದ. ಗೋಡೌನಲ್ಲಿ ಹಲಗೆ ಅಂಟಿಸೋ ಮುಂಚೆ ದಿನಾ ಹಂಗೇ ಚುಚ್ಚಿ ದಪ್ಪ ನೋಡೋನು, ಮೂವತ್ತು ವರ್ಷದ ಅಭ್ಯಾಸ. ನಾನು ಬಾಯಿ ತೆಗೆಯೋದರೊಳಗೆ ಗೋಡೆಯ ಸರಿಯಾಗಿ ಮಧ್ಯಕ್ಕೆ, ಎದೆ ಎತ್ತರಕ್ಕೆ, ಕಚಕ್ ಅಂತ ಇಳಿಸಿದ. ಎಳೆದು ತೆಗೆದು, ಹೆಬ್ಬೆರಳು ಇಟ್ಟು ಅಳೆದು, "ಎರಡಿಂಚು. ಸರಿಯಾಗದೆ," ಅಂದ.

ಹಿಂದೆ ಲೋಟ ಬಿದ್ದ ಸದ್ದು. ಅಜ್ಜಿ ನಿಂತಿದ್ದಳು. ಮಜ್ಜಿಗೆ ನೆಲದ ಮೇಲೆ ಹರೀತಿತ್ತು. ಅವಳು ಅದನ್ನ ನೋಡಲಿಲ್ಲ, ಗೋಡೆ ನೋಡ್ತಿದ್ದಳು.

"ಮೂರು ವರ್ಷದ ಮೊಮ್ಮಗಂಗೆ ಹೇಳಿ ಬುದ್ಧಿ ಕಲಿಸ್ದೆ," ಅಂದಳು. "ಈ ನರೆತ ತಲೆಗೆ ಯಾವನ್ಲಾ ಹೇಳಿಕೊಡೋನು?"

ಮೇಸ್ತ್ರಿಗೆ ಆವಾಗ ಗೊತ್ತಾಗಿದ್ದು, ತಾನು ಏನು ಮಾಡಿದೆ ಅಂತ. "ಅಜ್ಜಿ, ಇದೇನು ದೊಡ್ಡದಲ್ಲ. ಒಂದು ಚೂರು ಟೇಪು ಹಾಕಿದ್ರೆ ಸರಿಹೋಗ್ತದೆ."

"ನಿನ್ನ ಪಂಚೆ ಹರಿದ್ರೆ ಟೇಪು ಹಾಕ್ಕಂಡು ಮದುವೆ ಮನೆಗೆ ಹೋಗ್ತೀಯೇನ್ಲಾ?"

ಮೇಸ್ತ್ರಿ ದಬ್ಬಣ ಸೊಂಟಕ್ಕೆ ಸಿಕ್ಕಿಸ್ಕೊಂಡ. ಅಜ್ಜಿ ನನ್ನ ಕಡೆ ತಿರುಗಿದಳು.

"ಒಂದು ತೂತೂ ಅಷ್ಟೆ, ನೂರು ತೂತೂ ಅಷ್ಟೆ ಅಂದೋನು ನೀನೇ ತಾನೆ?"

"ಹೂಂ ಅಜ್ಜಿ. ಆದ್ರೆ ಟೇಪು..."

"ಮಡಿ ಕೆಟ್ಟಮೇಲೆ ಕೆಟ್ಟಂಗೇ ತಾನೆ?"

"ಹೂಂ ಅಜ್ಜಿ."

"ಹಂಗಾರೆ ತಡಿ."

ಒಳಗಿಂದ ಟ್ರಂಕು ಎಳೆಯೋ ಸದ್ದು ಬಂತು. ಅಜ್ಜಿ ಹನ್ನೊಂದು ಫೋಟೋಗಳನ್ನೂ ತಂದು ಚಾಪೆ ಮೇಲೆ ಸಾಲಾಗಿ ಇಟ್ಟಳು. ಒಂದು ಹಿಡಿ ಮೊಳೆ, ಒಂದು ಸುತ್ತಿಗೆ ತಂದು ಮೇಸ್ತ್ರಿ ಕೈಗೆ ಕೊಟ್ಟಳು. "ಮೊದಲನೇದು ಹಾಕಿದೋನು ನೀನು. ಮಿಕ್ಕಿದ್ದೂ ನೀನೇ ಹಾಕು."

ಮೂವತ್ತು ವರ್ಷ ಆಳುಗಳನ್ನ ನಡುಗಿಸಿದ ಮೇಸ್ತ್ರಿ ಮೊಳೆಗಳನ್ನ ಬಾಯಲ್ಲಿ ಕಚ್ಕೊಂಡು ಸ್ಟೂಲ್ ಹತ್ತಿದ. ನಾನು ಕೆಳಗಿಂದ ಒಂದೊಂದೇ ಫೋಟೋ ಕೊಡ್ತಾ ಹೋದೆ. ಅಜ್ಜಿ ಪೊರಕೆ ತೋರಿಸಿ ಜಾಗ ಹೇಳ್ತಿದ್ದಳು. "ದೇವ್ರು ಮೇಲೆ. ಸ್ವಾಮಿಗಳು ಅದರ ಪಕ್ಕಕ್ಕೆ. ಎಡಕ್ಕೆ, ಇನ್ನೂ ಎಡಕ್ಕೆ. ನಮ್ಮ ಯಜಮಾನ್ರುದ್ದು ತೇಗದ ಕಟ್ಟು, ಭಾರ ಐತೆ, ಅದಕ್ಕೆ ಎರಡು ಮೊಳೆ ಹೊಡಿ." ಒಂದೊಂದು ಏಟಿಗೂ ಪ್ಲಾಸ್ಟಿಕ್ಕು ಪಟ್ ಪಟ್ ಅನ್ನೋದು. ನನಗೆ ನನ್ನ ಗ್ಯಾಂಗಿನ ಒಬ್ಬೊಬ್ಬ ಆಳೂ ಭಾಮೈದನ ಕಡೆ ನಡ್ಕೊಂಡು ಹೋದ ಹಾಗೆ ಕೇಳಿಸ್ತಿತ್ತು.

ಹನ್ನೊಂದೂ ಮುಗೀತು. ಮೇಸ್ತ್ರಿ ಸ್ಟೂಲಿಂದ ಇಳಿದ. ಬೆವರು ಒರೆಸ್ಕೊಂಡು, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಸೊಂಟದ ಮೇಲೆ ಕೈ ಇಟ್ಕೊಂಡು ಗೋಡೆಯನ್ನ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಒಂಚೂರೂ ನಗದೆ ಕೇಳಿದ:

"ಏನ್ಲಾ, ತೂತಿಲ್ಲದ ಗೋಡೆ ತೋರಿಸ್ತೀನಿ ಅಂತ ಅಷ್ಟು ದೂರದಿಂದ ಕರ್ಕೊಂಡು ಬಂದ್ಯಲ್ಲ, ಎಲ್ಲಿ?"